ಕ್ಯಾಮೆರಾಕ್ಕೆ ಹಿಂಭಾಗ ತೋರಿಸಿ ನಿಂತಿರುವ ಡಂಕನ್ ಅವರಿಗೆ

ಇಂದ:
ದಿವಾಕರ,
ಹದಿನಾಲ್ಕನೆಯ ಮಹಡಿ, ಜುರಾಂಗ್ ವೆಸ್ಟ್, ಸಿಂಗಪುರ.

ಇವರಿಗೆ:
ಶ್ರೀ ಡಂಕನ್ (ಕುದುರೆ),
ಕ್ಯಾಮೆರಾ ಕಂಬದ ಬುಡ, ಕೊಳದ ಪಕ್ಕದ ಹುಲ್ಲು ಬಯಲು,
ನೆದರ್ ವಾಡ್ಲೋ ಗ್ರಾಮ, ಇಂಗ್ಲೆಂಡ್.

ವಿಷಯ: ತಮ್ಮ ಹಿಂಭಾಗದಿಂದ ನಮ್ಮ ಮನೆಗೆ ಆಗುತ್ತಿರುವ ಅನನುಕೂಲದ ಬಗ್ಗೆ.
ಉಲ್ಲೇಖ: ತಮ್ಮ ಪಂಚಾಯಿತಿಗೆ ನಾನು ಸಲ್ಲಿಸಿರುವ ಒಂದರಿಂದ ನಲವತ್ತೆರಡರವರೆಗಿನ ದೂರುಗಳು.

ಮಾನ್ಯ ಡಂಕನ್ ಅವರೇ,

ದೂರದ ಸಿಂಗಪುರದಿಂದ ತಮಗೂ, ತಮ್ಮ ನಾಲ್ಕು ಗೊರಸುಗಳಿಗೂ ಗೌರವಪೂರ್ವಕ ವಂದನೆಗಳು. ಸಾಮಾನ್ಯವಾಗಿ ಇಂಥ ಪತ್ರದ ಆರಂಭದಲ್ಲಿ ಕ್ಷೇಮ ಸಮಾಚಾರ ವಿಚಾರಿಸುವುದು ವಾಡಿಕೆ. ತಮ್ಮ ವಿಷಯದಲ್ಲಿ ಅದರ ಅಗತ್ಯವಿಲ್ಲ. ಕಳೆದ ಇಪ್ಪತ್ತೆರಡು ದಿನಗಳಿಂದ ತಮ್ಮ ಹಿಂಭಾಗವು ನಮ್ಮ ಮನೆಯ ನಲವತ್ತಮೂರು ಇಂಚಿನ ಟಿವಿಯನ್ನು ಅಂಚಿನಿಂದ ಅಂಚಿಗೆ ತುಂಬಿಕೊಂಡಿರುವುದರಿಂದ, ತಾವು ಚೆನ್ನಾಗಿ ಮೇಯುತ್ತಿದ್ದೀರಿ, ಚೆನ್ನಾಗಿ ಅರಗಿಸಿಕೊಳ್ಳುತ್ತಿದ್ದೀರಿ ಎಂಬುದು ನಮ್ಮ ಮನೆಯ ನಾಲ್ವರಿಗೂ ತಿಳಿದ ಸಂಗತಿ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೋರುತ್ತೇನೆ. ಹಿಂದಿನ ನಲವತ್ತೆರಡು ದೂರುಗಳನ್ನು ಒಳ್ಳೆಯ ಇಂಗ್ಲಿಷಿನಲ್ಲಿಯೇ ಬರೆದಿದ್ದೆ. ಅವುಗಳ ಗತಿ ನೋಡಿದ ಮೇಲೆ ಭಾಷೆ ಬದಲಿಸಿದರೆ ನಷ್ಟವೇನಿಲ್ಲ ಎನಿಸಿತು. ತಮ್ಮ ಪಂಚಾಯಿತಿಯ ಕ್ಲಾರ್ಕ್ ಶ್ರೀಮತಿ ಹೆಬ್ಬಲ್‌ವೈಟ್ ಅವರಿಗೆ ಇದನ್ನು ಓದಿ ಹೇಳಲು ಬಾರದಿದ್ದರೆ, ತಮ್ಮ ಮುಖದ ಮುಂದೆ ಒಂದೆರಡು ನಿಮಿಷ ಹಿಡಿದು ನಿಂತರೂ ಸಾಕು. ತಮಗೆ ಮುಖವೊಂದಿದೆ ಎಂದು ನಾವು ಊಹೆಯ ಮೇಲೆ ನಂಬಿದ್ದೇವೆ.

ಮೊದಲು ನಾವು ಯಾರು, ತಮ್ಮ ಊರಿಗೂ ನಮಗೂ ಏನು ಸಂಬಂಧ ಎಂಬುದನ್ನು ದಾಖಲೆಗಾಗಿ ತಿಳಿಸುತ್ತೇನೆ. ನಾನು ದ್ವೀಪದ ಪಶ್ಚಿಮ ತುದಿಯ ಟುವಾಸಿನ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ. ನನ್ನ ಪತ್ನಿ ನಿಶ್ಚಿತಾ ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿದ್ದಾಳೆ. ಮಗಳು ಹಿತಾ ಸೆಕೆಂಡರಿ ಮೂರರಲ್ಲಿ, ಅಂದರೆ ಒಂಬತ್ತನೆಯ ತರಗತಿಯಲ್ಲಿ, ಓದುತ್ತಾಳೆ. ನನ್ನ ತಾಯಿ ಭಾಗೀರಥಿಯವರಿಗೆ ಎಪ್ಪತ್ತನಾಲ್ಕು. ಮೈಸೂರಿನಿಂದ ನಮ್ಮಲ್ಲಿಗೆ ಬಂದು ಮೂರು ವರ್ಷವಾಯಿತು. ಎರಡು ವರ್ಷಗಳ ಹಿಂದೆ ಹಿತಾಳ ಭೂಗೋಳದ ಟೀಚರ್, ಹೊರದೇಶದ ಒಂದು ಚಿಕ್ಕ ಹಳ್ಳಿಯನ್ನು ಎರಡು ವಾರ ಗಮನಿಸಿ ಬರೆಯಿರಿ ಎಂದು ಹೋಮ್‌ವರ್ಕ್ ಕೊಟ್ಟರು. ಅವಳು ಇಂಟರ್‌ನೆಟ್ಟಿನಲ್ಲಿ ಹುಡುಕಿ ತೆಗೆದದ್ದು ತಮ್ಮ ನೆದರ್ ವಾಡ್ಲೋ. ಮಳೆಗಾಲದಲ್ಲಿ ಕೊಳ ಉಕ್ಕಿ ರಸ್ತೆಗೆ ಬರುತ್ತದೆಯೋ ಎಂದು ನೋಡಲು ಪಂಚಾಯಿತಿಯವರು ಎದೆಮಟ್ಟದ ಕಂಬವೊಂದಕ್ಕೆ ಕ್ಯಾಮೆರಾ ಹಾಕಿ, ಅದರ ಚಿತ್ರವನ್ನು ಲೋಕಕ್ಕೆಲ್ಲ ಬಿಟ್ಟಿದ್ದಾರೆ. ಹಿತಾ ಎರಡು ವಾರ ನೋಡಿದಳು, ಬರೆದಳು, ಬಿ ಗ್ರೇಡ್ ತಂದಳು. ಅವಳ ಅಜ್ಜಿ ಮಾತ್ರ ನೋಡುವುದನ್ನು ನಿಲ್ಲಿಸಲಿಲ್ಲ.

ಹೀಗಾಗಿ ನೂರಾ ನಲವತ್ತಮೂರು ಜನಸಂಖ್ಯೆಯ ತಮ್ಮ ಊರು ನಮ್ಮ ಹದಿನಾಲ್ಕನೆಯ ಮಹಡಿಗೆ ಬಂದು ಸೇರಿತು. ನಮ್ಮ ಬ್ಲಾಕ್ ಒಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಆದರೆ ನಮ್ಮ ಬ್ಲಾಕಿನ ಯಾರ ದಿನಚರಿಯೂ ನಮಗೆ ಇಷ್ಟು ಖಚಿತವಾಗಿ ಗೊತ್ತಿಲ್ಲ. ಬಸ್ಸು ವಾರಕ್ಕೆ ಎರಡೇ ಸಲ, ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಅದಕ್ಕೆ ಯಾರೂ ಹತ್ತುವುದಿಲ್ಲ, ಡ್ರೈವರ್ ಇಳಿದು ಕೊಳ ನೋಡಿಕೊಂಡು ಹೋಗುತ್ತಾನೆ. ಚರ್ಚಿನ ಗಿಡ್ಡ ಗೋಪುರದ ಗಡಿಯಾರದಲ್ಲಿ ಯಾವಾಗಲೂ ಎರಡೂ ಇಪ್ಪತ್ತು. ರಸ್ತೆಯ ಎರಡೂ ಬದಿಗೆ ಆಳೆತ್ತರದ ಮುಳ್ಳಿನ ಗಿಡಬೇಲಿ, ಮೇ ತಿಂಗಳಲ್ಲಿ ಅದರ ತುಂಬ ಬಿಳಿ ಹೂವು. ರಸ್ತೆಯ ನಟ್ಟನಡುವೆ ಒಂದು ಗೆರೆ ಹುಲ್ಲು ಬೆಳೆದಿದ್ದು, ಕಾರುಗಳು ಅದನ್ನು ಮೆಟ್ಟದಂತೆ ಆಚೀಚೆ ಗಾಲಿ ಹಾಕಿ ಹೋಗುತ್ತವೆ. ಬೇಲಿಯಾಚೆ ಹೊಲ, ಹೊಲದಾಚೆ ಇನ್ನೊಂದು ಬೇಲಿ, ಅದರಾಚೆ ಮತ್ತೆ ಹೊಲ. ಎಲ್ಲಿಯೂ ಯಾರೂ ಏನನ್ನೂ ಕಟ್ಟುತ್ತಿಲ್ಲ. ಬೆಳಿಗ್ಗೆ ಎದ್ದರೆ ಎದುರಿಗೆ ಹೊಸ ಕ್ರೇನ್ ನಿಂತಿರುವ ಊರಿನಲ್ಲಿರುವ ನಮಗೆ, ಎರಡು ವರ್ಷವಾದರೂ ಒಂದು ಇಟ್ಟಿಗೆ ಏರದ ಈ ದೃಶ್ಯ ಮೊದಮೊದಲು ಗಾಬರಿ ಹುಟ್ಟಿಸಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೊಳದ ದಡದಲ್ಲಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ, ಒಂದು ಮರದ ಬೆಂಚು ಇದೆ. ಪ್ರತಿದಿನ ತಮ್ಮ ಊರಿನ ಹತ್ತು ಗಂಟೆಗೆ ಹಸಿರು ಉಣ್ಣೆಯ ಟೋಪಿ ಹಾಕಿದ ಹಿರಿಯ ಮಹಿಳೆಯೊಬ್ಬರು ಬಂದು ಅಲ್ಲಿ ಕೂರುತ್ತಾರೆ, ಫ್ಲಾಸ್ಕಿನಿಂದ ಏನನ್ನೋ ಬಗ್ಗಿಸಿಕೊಂಡು ಕುಡಿಯುತ್ತಾರೆ, ಹನ್ನೊಂದಕ್ಕೆ ಎದ್ದು ಹೋಗುತ್ತಾರೆ. ಆಗ ಸಿಂಗಪುರದಲ್ಲಿ ಸಂಜೆ ಐದು. ನನ್ನ ತಾಯಿ ಅದೇ ಹೊತ್ತಿಗೆ ಸ್ಟೀಲಿನ ಲೋಟದಲ್ಲಿ ಕಾಫಿ ಹಿಡಿದುಕೊಂಡು ಟಿವಿಯ ಮುಂದೆ ಕೂರುತ್ತಾರೆ. ಇಬ್ಬರೂ ಒಂದು ಗಂಟೆ ಜೊತೆಯಾಗಿ ಕೊಳ ನೋಡುತ್ತಾರೆ. ನಮ್ಮ ತಾಯಿಗೆ ಇಂಗ್ಲಿಷ್ ಬಾರದು, ಚೀನೀ ಬಾರದು. ಲಿಫ್ಟಿನಲ್ಲಿ ಸಿಗುವವರೆಲ್ಲ ನಕ್ಕು ಫೋನು ನೋಡಿಕೊಳ್ಳುತ್ತಾರೆ. ರಜಾದಿನ ಬಿಟ್ಟರೆ ನಾವು ಮೂವರೂ ಏಳು ಗಂಟೆಗೆ ಮೊದಲು ಮನೆ ಸೇರುವುದಿಲ್ಲ. ಐದು ಗಂಟೆಗೆ ಅವರ ಜೊತೆ ಕೂರುವವರು ಈ ಭೂಮಿಯ ಮೇಲೆ ಆ ಮಹಿಳೆ ಒಬ್ಬರೇ.

ಎರಡು ವರ್ಷದಲ್ಲಿ ಆಕೆಯ ಮುಖವನ್ನು ನಾವು ಒಮ್ಮೆಯೂ ನೋಡಿಲ್ಲ. ಆದರೆ ಬೆನ್ನನ್ನು ನಮ್ಮ ತಾಯಿಯಷ್ಟು ಬಲ್ಲವರು ತಮ್ಮ ಊರಿನಲ್ಲೂ ಇರಲಾರರು. "ಇವತ್ತು ಆಯಮ್ಮಂಗೆ ಸೊಂಟ ನೋವು ಕಣೋ, ಎಡಕ್ಕೆ ವಾಲಿದಾಳೆ ನೋಡು" ಎನ್ನುತ್ತಾರೆ. "ಯಾರೋ ಏನೋ ಅಂದಿದಾರೆ, ಭುಜ ಇಳಿಬಿಟ್ಟಿದಾಳೆ" ಎನ್ನುತ್ತಾರೆ. ಮನೆಯಲ್ಲಿ ಯಾರಿಗೂ ಹೇಳದ ಮಾತುಗಳನ್ನು, ವಿಶೇಷವಾಗಿ ನನ್ನ ಪತ್ನಿ ಮಾಡುವ ಹುಳಿಯ ಬಗ್ಗೆ, ಆ ಬೆನ್ನಿಗೆ ಹೇಳುತ್ತಾರೆ ಎಂದು ಹಿತಾ ವರದಿ ಮಾಡಿದ್ದಾಳೆ. ಅಕ್ಟೋಬರ್ ಕೊನೆಗೆ ತಮ್ಮ ದೇಶದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುತ್ತಾರಷ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ಸಂಜೆಯ ಕಾಫಿ ಆರಕ್ಕೆ, ದೇವರ ದೀಪ ಏಳಕ್ಕೆ, ಊಟ ಒಂಬತ್ತಕ್ಕೆ. ಮಾರ್ಚಿನಲ್ಲಿ ಎಲ್ಲವೂ ಮತ್ತೆ ಒಂದು ಗಂಟೆ ಮೊದಲಿಗೆ. ಸಮಭಾಜಕ ವೃತ್ತದ ಪಕ್ಕದಲ್ಲಿದ್ದು, ವರ್ಷವಿಡೀ ಒಂದೇ ಹೊತ್ತಿಗೆ ಸೂರ್ಯ ಹುಟ್ಟಿ ಮುಳುಗುವ ಈ ದ್ವೀಪದಲ್ಲಿ ಇಂಗ್ಲೆಂಡಿನ ಬೇಸಿಗೆ ಸಮಯವನ್ನು ಪಾಲಿಸುವ ಮನೆ ನಮ್ಮದೊಂದೇ ಎಂದು ನನ್ನ ಅಂದಾಜು.

ಇನ್ನು ನನ್ನ ತಪ್ಪನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಊರಿನಲ್ಲಿ ಲಿಫ್ಟಿನ ದೀಪ ಮಿಣುಕಿದರೆ ಫೋಟೋ ತೆಗೆದು ಕಳಿಸುತ್ತೇವೆ. ಮರುದಿನ ಬೆಳಿಗ್ಗೆ ಹೊಸ ದೀಪ ಉರಿಯುತ್ತಿರುತ್ತದೆ. ಇಪ್ಪತ್ತು ವರ್ಷ ಇಲ್ಲಿದ್ದು ಇದೇ ನನಗೆ ರೂಢಿಯಾಗಿದೆ. ಆದ್ದರಿಂದ ತಮ್ಮ ಪಂಚಾಯಿತಿಯ ವೆಬ್‌ಸೈಟಿನಲ್ಲಿ ದೂರು ಸಲ್ಲಿಸುವ ಫಾರಂ ಕಂಡಾಗ ನನಗೆ ಸುಮ್ಮನಿರಲಾಗಲಿಲ್ಲ. ಚರ್ಚಿನ ಗಡಿಯಾರ ನಿಂತಿದೆ ಎಂದು ಮೊದಲನೆಯದನ್ನು ಬರೆದೆ. ಕೈಕಂಬದ ಬಾಣ ಆಕಾಶಕ್ಕೆ ತೋರಿಸುತ್ತಿದೆ ಎಂದು ನಾಲ್ಕನೆಯದು. ಗೇಟೊಂದು ಒಂದೇ ಕೀಲಿನ ಮೇಲೆ ನೇತಾಡುತ್ತಿದೆ ಎಂದು ಒಂಬತ್ತನೆಯದು, ಫೋಟೋ ಸಮೇತ. ತಾವು ಈ ಊರಿನ ನಿವಾಸಿಯೇ ಎಂಬ ಪ್ರಶ್ನೆಗೆ ಹೌದು, ಇಲ್ಲ, ಇತರೆ ಎಂಬ ಮೂರು ಚೌಕಗಳಿದ್ದವು. ನಾನು ಪ್ರಾಮಾಣಿಕವಾಗಿ ಇತರೆ ಎಂದು ಗುರುತು ಹಾಕಿ, ವಿವರದಲ್ಲಿ ಜುರಾಂಗ್ ವೆಸ್ಟ್ ಎಂದು ತುಂಬಿದೆ.

ಪಂಚಾಯಿತಿ ಪ್ರತಿ ತಿಂಗಳ ಎರಡನೆಯ ಮಂಗಳವಾರ ಸಭೆ ಸೇರುತ್ತದೆ. ನಡಾವಳಿಯನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ. ನನ್ನ ಪ್ರತಿಯೊಂದು ದೂರಿನ ಮುಂದೆಯೂ "ಗಮನಿಸಲಾಯಿತು" ಎಂದಿದೆ. ಕರ್ನಾಟಕದ ತಾಲ್ಲೂಕು ಕಚೇರಿಗಳನ್ನು ಹತ್ತಿ ಇಳಿದು ಬೆಳೆದ ನನಗೆ ಆ ಪದ ಓದಿದ ಕ್ಷಣ ತವರಿಗೆ ಬಂದಂತಾಯಿತು. ಇಷ್ಟಾದರೂ ತಮ್ಮವರನ್ನು ಒಂದು ವಿಷಯಕ್ಕೆ ಮೆಚ್ಚಬೇಕು. ಬಂದ ಪ್ರತಿ ದೂರನ್ನೂ ಮುದ್ರಿಸಿ, ಸಮುದಾಯ ಭವನದ ಗೋಡೆಯ ಮೇಲಿನ ಗಾಜಿನ ಸೂಚನಾ ಫಲಕದಲ್ಲಿ, ಅದು ಇತ್ಯರ್ಥವಾಗುವವರೆಗೆ ಹಾಕಿಡಬೇಕೆಂಬ ನಿಯಮ ಅಲ್ಲಿದೆ. ನನ್ನ ದೂರುಗಳು ಬರುವ ಮೊದಲು ಆ ಫಲಕದಲ್ಲಿ ಕಳೆದುಹೋದ ಒಂಟಿ ಕೈಗವಸಿನ ಪ್ರಕಟಣೆ ಮಾತ್ರ ಇತ್ತೆಂದೂ, ಈಗ ಎರಡನೆಯ ಫಲಕ ತರಿಸಬೇಕಾಗಿದೆ ಎಂದೂ ಶ್ರೀಮತಿ ಹೆಬ್ಬಲ್‌ವೈಟ್ ಬಹಳ ವಿನಯದಿಂದ ಬರೆದಿದ್ದರು.

ಮೇ ತಿಂಗಳಲ್ಲಿ ನಾನು ಮೂವತ್ತೆಂಟನೆಯ ದೂರು ಕೊಟ್ಟೆ: ಬಯಲಿನ ಹುಲ್ಲು ಎತ್ತರ ಬೆಳೆದು ಕ್ಯಾಮೆರಾ ಚಿತ್ರದ ಕೆಳಗಿನ ಕಾಲುಭಾಗ ಮರೆಯಾಗಿದೆ, ಬೆಂಚಿನ ಕಾಲುಗಳು ಕಾಣುತ್ತಿಲ್ಲ, ದಯವಿಟ್ಟು ಕತ್ತರಿಸಿ. ಅಷ್ಟು ದೂರುಗಳಲ್ಲಿ ಕ್ರಮ ಕೈಗೊಂಡದ್ದು ಇದೊಂದರ ಮೇಲೆ ಮಾತ್ರ. ಯಂತ್ರದಿಂದ ಕತ್ತರಿಸಿದರೆ ಕಾಡುಹೂಗಳೂ ಹೋಗುತ್ತವೆ ಎಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಯಂತ್ರವೇ ಕೆಟ್ಟಿದೆ ಎಂದು ಇನ್ನೊಬ್ಬರು ಅದನ್ನು ಬೆಂಬಲಿಸಿದರು. ಕೊನೆಗೆ ಸೆಪ್ಟೆಂಬರ್ ಮೂವತ್ತರವರೆಗೆ ಲಿಖಿತ ಒಪ್ಪಂದದ ಮೇಲೆ ಒಂದು ಕುದುರೆಯನ್ನು ಅಲ್ಲಿ ಮೇಯಲು ಬಿಡುವುದೆಂದು ತೀರ್ಮಾನವಾಯಿತು. ಜೂನ್ ಮೂರರಂದು ತಾವು ಆಗಮಿಸಿದಿರಿ. ಒಂದೇ ದಿನದಲ್ಲಿ ಕಂಬದ ಮುಂದಿನ ಹುಲ್ಲನ್ನು ಬೋಳು ಮಾಡಿದಿರಿ. ಬೆಂಚಿನ ಕಾಲುಗಳು ಸ್ಪಷ್ಟವಾಗಿ ಕಂಡವು. ಮರುದಿನ ಬೆಳಿಗ್ಗೆ ಹತ್ತಕ್ಕೆ ತಾವು ಹಿಂದಕ್ಕೆ ಸರಿದು ಕಂಬಕ್ಕೆ ಒರಗಿದಿರಿ. ಅಂದಿನಿಂದ ದಿನವೂ ಹತ್ತಕ್ಕೆ ತಾವು ಅಲ್ಲೇ. ಬೆಂಚು ಹೋಯಿತು, ಕೊಳ ಹೋಯಿತು, ಇಂಗ್ಲೆಂಡ್ ಹೋಯಿತು.

ತಮ್ಮ ಹಿಂಭಾಗವನ್ನು ಹೊಗಳಲು ನನಗೆ ಸಂಕೋಚವಿಲ್ಲ. ಕಂದು ಬಣ್ಣ, ಬಲಕ್ಕೆ ಒಂದು ಬಿಳಿ ಮಚ್ಚೆ, ಅದು ಹೆಚ್ಚುಕಡಿಮೆ ನಮ್ಮ ದ್ವೀಪದ ನಕಾಶೆಯಂತಿದೆ. ಟುವಾಸ್ ಇರಬೇಕಾದ ಕಡೆ ಬಾಲದ ಬುಡ ಬರುತ್ತದೆ. ಹೊಳಪಿದೆ, ಗಾಂಭೀರ್ಯವಿದೆ. ಒಂದು ದಿನ ನನ್ನ ಪತ್ನಿ ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ಕೈತಪ್ಪಿ ತಮ್ಮನ್ನು ಎಲ್ಲರ ಪರದೆಗೂ ಹಂಚಿದಳು. ಹನ್ನೊಂದು ಜನರಲ್ಲಿ ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಇಬ್ಬರು ನೋಟ್ಸ್ ಬರೆದುಕೊಂಡರಂತೆ. ನನ್ನ ಸಹೋದ್ಯೋಗಿ ಸಂಪತ್ ಫೋನಿನಲ್ಲಿ ತಮ್ಮನ್ನು ನೋಡಿ, "ಏನ್ ಸಾರ್, ದುಡ್ಡು ಕೊಟ್ಟು ನೋಡ್ತೀರಾ ಇದನ್ನ, ಫ್ರೀನಾ?" ಎಂದು ಕೇಳಿದ. ತಾವು ಬೆನ್ನು ತುರಿಸಿಕೊಳ್ಳಲು ಕಂಬಕ್ಕೆ ಉಜ್ಜಿದಾಗ ಚಿತ್ರವೆಲ್ಲ ಅದುರುತ್ತದೆ; ಒಮ್ಮೆ ನಮ್ಮ ತಾಯಿ ಭೂಕಂಪವೆಂದು ತಿಳಿದು ಗ್ಯಾಸ್ ಆಫ್ ಮಾಡಿದರು.

ಆದರೆ ನಮ್ಮ ತಾಯಿ ಈಗ ಕಾಫಿ ಮಾಡಿಕೊಳ್ಳುತ್ತಿಲ್ಲ. ಐದು ಗಂಟೆಗೆ ಟಿವಿಯ ಮುಂದೆ ಕೂರುತ್ತಾರೆ, ತಮ್ಮನ್ನು ನೋಡುತ್ತಾರೆ, ಆರು ಗಂಟೆಗೆ ಏಳುತ್ತಾರೆ. "ಬಂದಿದಾಳೋ ಇಲ್ವೋ ಅಂತ ಹೆಂಗೋ ಗೊತ್ತಾಗೋದು? ಹೋದ ತಿಂಗಳೇ ಕೆಮ್ತಿದ್ಲು. ಬೆನ್ನು ಕುಲುಕ್ತಿತ್ತು" ಎಂದರು. "ಅಜ್ಜಿ, ಅವ್ರು ಓಕೆ ಆಗೇ ಇರ್ತಾರೆ ಲಾ, ಹಾರ್ಸ್ ಅಷ್ಟೇ ಅಡ್ಡ ಇರೋದು" ಎಂದು ಹಿತಾ ಸಿಂಗಪುರದ ಧಾಟಿಯಲ್ಲಿ ಸಮಾಧಾನ ಹೇಳಿದಳು. "ನೀನು ನೋಡಿದ್ಯಾ?" ಎಂದು ಅವಳ ಅಜ್ಜಿ ಕೇಳಿದರು. ನಲವತ್ತೆರಡನೆಯ ದೂರನ್ನು ನಾನು ಬರೆದದ್ದು ಆ ಸಂಜೆ: ಕುದುರೆ ಅಡ್ಡ ನಿಂತಿರುವುದರಿಂದ ಬೆಂಚಿನ ಮೇಲೆ ಕೂರುವ ಹಸಿರು ಟೋಪಿಯ ಮಹಿಳೆ ಕಾಣುತ್ತಿಲ್ಲ, ಅವರು ಕ್ಷೇಮವೇ ಎಂದು ನನ್ನ ತಾಯಿ ಕೇಳುತ್ತಿದ್ದಾರೆ, ದಯವಿಟ್ಟು ತಿಳಿಸಿ. ಜೂನ್ ಸಭೆಯ ನಡಾವಳಿ ಬಂತು. "ಗಮನಿಸಲಾಯಿತು. ಇಬ್ಬರು ಸದಸ್ಯರ ಕುದುರೆ ಉಪಸಮಿತಿಯನ್ನು ರಚಿಸಲಾಯಿತು."

ಉಪಸಮಿತಿಗಳ ಅನುಭವವಿರುವುದರಿಂದ ಈಗ ನೇರವಾಗಿ ತಮ್ಮನ್ನೇ ಪ್ರಾರ್ಥಿಸುತ್ತಿದ್ದೇನೆ. ಹತ್ತರಿಂದ ಹನ್ನೊಂದರವರೆಗೆ ತಾವು ಒಂದು ಗಂಟೆ ರಜೆ ಪಡೆಯಬೇಕು; ಟುವಾಸಿನಲ್ಲಿ ನಮಗೂ ಟೀ ಬಿಡುವು ಉಂಟು. ಅದು ಸಾಧ್ಯವಾಗದಿದ್ದರೆ ಆ ಒಂದು ಗಂಟೆಯ ಮಟ್ಟಿಗೆ ಅಗಲ ಕಡಿಮೆ ಮಾಡಿಕೊಳ್ಳಬೇಕು. ಅದೂ ಆಗದಿದ್ದರೆ ಹಂತಹಂತವಾಗಿ ಪಾರದರ್ಶಕರಾಗಬೇಕು. ಮೊದಲ ವಾರ ಬೆಂಚಿನ ಎಡತುದಿ ಕಂಡರೂ ನಾವು ತೃಪ್ತರು. ಇದ್ಯಾವುದೂ ಒಪ್ಪಿಗೆಯಾಗದಿದ್ದಲ್ಲಿ ಒಂದು ಸಣ್ಣ ಸಹಾಯ: ತಮ್ಮ ತಲೆಯಂತೂ ಕೊಳದ ಕಡೆಗೇ ಇದೆ, ಬೆಂಚು ತಮಗೆ ಕಾಣುತ್ತದೆ. ಆಕೆ ಬಂದಿದ್ದರೆ ಕಂಬವನ್ನು ಒಂದು ಸಲ ಅಲುಗಿಸಿ, ಬಾರದಿದ್ದರೆ ಎರಡು ಸಲ. ಈ ಸಂಕೇತವನ್ನು ನಮ್ಮ ತಾಯಿಗೆ ಮುಂಚಿತವಾಗಿ ಹೇಳಿದ್ದು ನನ್ನ ಆತುರ. ಮೊನ್ನೆ ತಾವು ಏಳು ಸಲ ಅಲುಗಿಸಿದಿರಿ. ಅದಕ್ಕೆ ಅರ್ಥವೇನೆಂದು ತಿಳಿಯದೆ ಅವರು ಊಟ ಬಿಟ್ಟರು.

ತಮ್ಮ ಹುಲ್ಲು ಹಸಿರಾಗಿರಲಿ, ತಮ್ಮ ನೊಣಗಳು ಕಡಿಮೆಯಾಗಲಿ ಎಂದು ಹಾರೈಸುತ್ತಾ, ತಮ್ಮ ಹಿಂದೆಯೇ ಸದಾ ಕಾದಿರುವ,

ತಮ್ಮ ವಿಶ್ವಾಸಿ,
ದಿವಾಕರ

ಪ್ರತಿ: ಶ್ರೀಮತಿ ಹೆಬ್ಬಲ್‌ವೈಟ್ ಅವರಿಗೆ, ಸೂಚನಾ ಫಲಕದಲ್ಲಿ ಹಾಕುವ ಸಲುವಾಗಿ.

ವಿ.ಸೂ.: ಮೇಲಿನ ಪತ್ರವನ್ನು ಕಳಿಸುವ ಮೊದಲೇ, ಇಂದು ಮಧ್ಯಾಹ್ನ, ತಮ್ಮ ಉಪಸಮಿತಿಯ ಆದೇಶ ಬಂದಿದೆ. ಒಪ್ಪಂದದ ಪ್ರಕಾರ ತಮ್ಮನ್ನು ಸೆಪ್ಟೆಂಬರ್ ಮೂವತ್ತರವರೆಗೆ ಕದಲಿಸುವಂತಿಲ್ಲ. ಹಾಗಾಗಿ, ಜುರಾಂಗ್ ವೆಸ್ಟಿನ ದೂರುದಾರರ ತೃಪ್ತಿಗಾಗಿ, ಕ್ಯಾಮೆರಾವನ್ನೇ ಹಿಂದಕ್ಕೆ ತಿರುಗಿಸಲಾಗಿದೆ. ಐದು ಗಂಟೆಗೆ ಟಿವಿ ಹಾಕಿದರೆ ಕೊಳವೂ ಇಲ್ಲ, ತಾವೂ ಇಲ್ಲ. ಸಮುದಾಯ ಭವನದ ಗೋಡೆ, ಅದರ ಮೇಲೆ ಎರಡು ಗಾಜಿನ ಫಲಕ, ಫಲಕದ ತುಂಬ ನನ್ನ ದೂರುಗಳು. ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದ ನಾನು ನಲವತ್ತಮೂರನೆಯದನ್ನು ಬರೆಯಲು ಕುಳಿತಿದ್ದೆ. ಆಗ ಹಸಿರು ಟೋಪಿ ಬಂತು. ಆಕೆ ಫಲಕದ ಮುಂದೆ ನಿಂತು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದರು. ನಮಗೆ ಎಂದಿನಂತೆ ಬೆನ್ನು ಕಂಡಿತು. ಗಾಜಿನೊಳಗೆ ಮುಖವೂ ಕಂಡಿತು. "ಅಯ್ಯೋ, ಎಷ್ಟು ಚಿಕ್ಕೋಳು ಕಣೋ ಇವಳು. ಬೆನ್ನು ನೋಡಿ ನನಗಿಂತ ದೊಡ್ಡೋಳು ಅಂದ್ಕೊಂಡಿದ್ದೆ" ಎಂದರು ನಮ್ಮ ತಾಯಿ. ಇಪ್ಪತ್ತೊಂಬತ್ತನೆಯ ದೂರಿನ ಮುಂದೆ ಆಕೆ ನಕ್ಕರು. ಬಾತುಕೋಳಿಗಳು ರಸ್ತೆ ದಾಟುವಾಗ ಸಾಲು ಪಾಲಿಸುತ್ತಿಲ್ಲ ಎಂಬ ಸುರಕ್ಷತೆಯ ವಿಷಯವದು, ಅದರಲ್ಲಿ ನಗುವಂಥದ್ದೇನೂ ಇಲ್ಲ. ನಲವತ್ತೆರಡನೆಯದನ್ನು ಎರಡು ಸಲ ಓದಿದರು. ಆಮೇಲೆ ತಿರುಗಿ, ಕ್ಯಾಮೆರಾವನ್ನು ನೋಡಿ, ಟೋಪಿ ಸರಿಮಾಡಿಕೊಂಡರು. ಇಲ್ಲಿ ನಮ್ಮ ತಾಯಿ ಸೆರಗು ಸರಿಮಾಡಿಕೊಂಡರು. ಹೋಗುವಾಗ ಆಕೆ ಜೇಬಿನಿಂದ ಒಂದು ಕ್ಯಾರೆಟ್ ತೆಗೆದುಕೊಂಡು ಕಂಬದ ಕಡೆಗೇ ಬಂದು ಚಿತ್ರದಿಂದಾಚೆ ಸರಿದರು, ಮರುಕ್ಷಣ ಚಿತ್ರ ಅದುರಿತು. ಇಪ್ಪತ್ತೆರಡು ದಿನ ಸರಿಯಾಗಿ ಹತ್ತು ಗಂಟೆಗೆ ತಾವು ಯಾರಿಗಾಗಿ ಅಲ್ಲಿ ಬಂದು ನಿಲ್ಲುತ್ತಿದ್ದಿರಿ ಎಂಬುದು ಆಗ ತಿಳಿಯಿತು, ಮತ್ತು ಅದನ್ನು ನಮ್ಮಿಂದ ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ನನ್ನ ತೀವ್ರ ಆಕ್ಷೇಪಣೆಯನ್ನು ದಾಖಲಿಸುತ್ತೇನೆ.

ಆದಕಾರಣ ಮೇಲಿನ ಎಲ್ಲ ಕೋರಿಕೆಗಳನ್ನೂ ಹಿಂತೆಗೆದುಕೊಂಡಿದ್ದೇನೆ. ತಾವು ದಯವಿಟ್ಟು ಒಂದು ಅಂಗುಲವೂ ಕದಲಬಾರದು, ತೂಕ ಇಳಿಸಬಾರದು, ಪಾರದರ್ಶಕರಾಗುವ ಯಾವ ಪ್ರಯತ್ನವನ್ನೂ ಮಾಡಬಾರದು; ತಾವು ಸರಿದರೆ ಕ್ಯಾಮೆರಾ ಮತ್ತೆ ಕೊಳದ ಕಡೆಗೆ ತಿರುಗುತ್ತದೆ. ತಮ್ಮ ಒಪ್ಪಂದವನ್ನು ಇನ್ನೂ ಐದು ವರ್ಷ ವಿಸ್ತರಿಸುವಂತೆ ಪಂಚಾಯಿತಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ಗಡಿಯಾರ, ಗೇಟು, ಕೈಕಂಬ ಯಾವುದನ್ನೂ ರಿಪೇರಿ ಮಾಡಿ ನನ್ನ ದೂರುಗಳನ್ನು ಫಲಕದಿಂದ ತೆಗೆಯಬಾರದೆಂದೂ ಅದರಲ್ಲಿ ಕೋರಿದ್ದೇನೆ. ಈ ಪತ್ರವನ್ನು ಇನ್ನು ಕಳಿಸುವ ಅಗತ್ಯವಿಲ್ಲವೆಂದು ಹರಿಯಲು ಹೊರಟಿದ್ದೆ. ನಮ್ಮ ತಾಯಿ ಕಾಫಿ ಲೋಟ ಕೆಳಗಿಟ್ಟು ತಡೆದರು. ಇಂಗ್ಲಿಷಿಗಾದರೂ ಅನುವಾದಿಸಿ ಕಳಿಸಲೇ ಎಂದು ಕೇಳಿದೆ. "ಬೇಡ, ಆ ಗಾಜಿನೊಳಗೆ ಕನ್ನಡದಲ್ಲೇ ಇರ್ಲಿ. ಇಂಗ್ಲಿಷಲ್ಲಿ ಬರೆದ್ರೆ ಬೇಗ ಓದಿ ಮುಗಿಸಿ ಹೊರಟುಹೋಗ್ತಾಳೆ" ಎಂದರು.